ಡಿಗ್ರಿ ಮುಗಿದ ಮೇಲೂ ಬೌಲಿಂಗ್

1976ರ ಅಕ್ಟೋಬರ್ 31, ಬೆಂಗಳೂರು. ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಲು ಅಂಗಳಕ್ಕಿಳಿದರು. ಎದುರಾಳಿ ವೆಸ್ಟ್ ಇಂಡೀಸ್. ನಾಯಕಿ ನಮ್ಮೂರಿನವರೇ ಆದ ಶಾಂತಾ ರಂಗಸ್ವಾಮಿ. ಅವರ ತಂಡದಲ್ಲಿ ಆಗಿನ ಬೊಂಬಾಯಿಯಿಂದ ಬಂದಿದ್ದ ಎಡಗೈ ಸ್ಪಿನ್ನರ್ ಒಬ್ಬರಿದ್ದರು. ವಯಸ್ಸು 20. ನಮ್ಮ ಮನೆಗಳಲ್ಲಿ ಆ ವಯಸ್ಸಿನ ಹೆಣ್ಣುಮಕ್ಕಳು ಬಿ.ಎ., ಬಿ.ಕಾಂ. ಓದುತ್ತಿರುತ್ತಾರೆ. ಆಟೋಟಗಳಲ್ಲಿ ಮುಂದಿದ್ದರೆ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಒಂದು ಕಪ್ಪು ಸಿಗುತ್ತದೆ, ಪರೀಕ್ಷೆ ಮುಗಿಯುತ್ತದೆ, ಆಟವೂ ಮುಗಿಯುತ್ತದೆ. ಈ ಹುಡುಗಿಯ ಆಟ ಮುಗಿಯಲಿಲ್ಲ. ಮುಂದಿನ 17 ವರ್ಷಗಳಲ್ಲಿ ಅವರು ಭಾರತಕ್ಕಾಗಿ 20 ಟೆಸ್ಟ್, 34 ಏಕದಿನ ಪಂದ್ಯ ಆಡಿ 109 ವಿಕೆಟ್ ಪಡೆದರು. ಹೆಸರು ಡಯಾನಾ ಎಡುಲ್ಜಿ.

ಕಾಲೇಜು ವಯಸ್ಸಿನ ಒಬ್ಬ ಬೌಲರ್ 37ರ ವರೆಗೆ ಹೇಗೆ ಬೌಲರ್ ಆಗಿಯೇ ಉಳಿದರು ಎಂಬುದು ಪ್ರತಿಭೆಯೊಂದರಿಂದಲೇ ಉತ್ತರ ಸಿಗುವ ಪ್ರಶ್ನೆಯಲ್ಲ. ಮುಂಬೈ ಮಹಾನಗರದಲ್ಲಿ ಪ್ರತಿಭೆಗೆ ಎಂದೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಡಿಗ್ರಿ ಮುಗಿದ ಮರುದಿನದಿಂದ ಸಂಬಳ ಕೊಡುವವರದ್ದು. ಡಯಾನಾ ಅವರ ವೃತ್ತಿಜೀವನವನ್ನು ನಾನು ಮುಖ್ಯವಾಗಿ ಈ ಕಡೆಯಿಂದ ನೋಡುತ್ತೇನೆ. ಅವರ ವಿಕೆಟ್‌ಗಳಷ್ಟೇ, ಒಂದು ತೂಕ ಹೆಚ್ಚಾಗಿಯೇ, ನನಗೆ ಅವರ ನೌಕರಿ ಮುಖ್ಯವಾಗಿ ಕಾಣುತ್ತದೆ.

ಅವರು ಹುಟ್ಟಿದ್ದು 1956ರ ಜನವರಿ 26ರಂದು, ಪಾರ್ಸಿ ಮನೆತನದಲ್ಲಿ. ಬೆಳೆದದ್ದು ದಕ್ಷಿಣ ಮುಂಬೈನ ಕೊಲಾಬಾ ಬದಿಯ ರೈಲ್ವೆ ಕಾಲೊನಿ ಬಧ್ವಾರ್ ಪಾರ್ಕ್‌ನಲ್ಲಿ. ಕಾಲೊನಿಯ ಹುಡುಗರ ಜೊತೆ ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತ ಕೈ ಪಳಗಿತು. ಪೂರ್ತಿಯಾಗಿ ಕ್ರಿಕೆಟ್ಟಿಗೆ ಬರುವ ಮೊದಲು ಬಾಸ್ಕೆಟ್‌ಬಾಲ್ ಮತ್ತು ಟೇಬಲ್ ಟೆನಿಸ್‌ನಲ್ಲಿ ಕಿರಿಯರ ರಾಷ್ಟ್ರೀಯ ಮಟ್ಟದ ವರೆಗೆ ಹೋಗಿದ್ದರು. ಕೈ, ಮಣಿಕಟ್ಟು, ಕಣ್ಣು ಒಂದೇ ಹೊತ್ತಿಗೆ ಕೆಲಸ ಮಾಡಬೇಕಾದ ಆಟಗಳವು. ಲಾಲಾ ಅಮರನಾಥ್ ನಡೆಸಿದ ಶಿಬಿರವೊಂದರಲ್ಲಿ ಬೌಲಿಂಗ್‌ಗೆ ಸಾಣೆ ಸಿಕ್ಕಿತು. ಅಕ್ಕ ಬೆಹ್ರೋಜ್ ಎಡುಲ್ಜಿ ಕೂಡ ಭಾರತದ ಪರ ಟೆಸ್ಟ್ ಆಡಿದವರು. ಒಂದೇ ಮನೆಯಿಂದ ಇಬ್ಬರು ಹೆಣ್ಣುಮಕ್ಕಳು ದೇಶದ ತಂಡಕ್ಕೆ ಹೋದರೂ ಅದು ಆಗ ಯಾವ ಪತ್ರಿಕೆಯಲ್ಲೂ ದೊಡ್ಡ ಸುದ್ದಿಯಾಗುವ ಸಂಗತಿಯಾಗಿರಲಿಲ್ಲ.

ಆ ಕಾಲದ ಮಹಿಳಾ ಕ್ರಿಕೆಟ್ ಎಷ್ಟು ಹೊಸದು ಎಂಬುದನ್ನು ಇಲ್ಲಿ ಹೇಳಬೇಕು. ಆಲೂ ಬಾಮ್‌ಜಿ ಎಂಬ ಮಹಿಳೆ ಮುಂಬೈಯಲ್ಲಿ ಹೆಂಗಸರಿಗೆಂದೇ 'ಆಲ್ಬೀಸ್' ಕ್ರಿಕೆಟ್ ಕ್ಲಬ್ ಕಟ್ಟಿದ್ದು 1969ರಲ್ಲಿ. ಲಖನೌದ ಮಹೇಂದ್ರ ಕುಮಾರ್ ಶರ್ಮಾ ಭಾರತೀಯ ಮಹಿಳಾ ಕ್ರಿಕೆಟ್ ಸಂಸ್ಥೆಯನ್ನು ನೋಂದಾಯಿಸಿದ್ದು 1973ರಲ್ಲಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಪುಣೆಯಲ್ಲಿ ನಡೆದ ಮೊದಲ ರಾಷ್ಟ್ರೀಯ ಟೂರ್ನಿಗೆ ಬಂದ ತಂಡಗಳು ಮೂರೇ: ಬೊಂಬಾಯಿ, ಮಹಾರಾಷ್ಟ್ರ, ಉತ್ತರ ಪ್ರದೇಶ. ಅಲ್ಲಿಂದ ಮೂರೂವರೆ ವರ್ಷಕ್ಕೆ ಬೆಂಗಳೂರಿನ ಟೆಸ್ಟ್. ಶಾಲೆ, ಕಾಲೇಜುಗಳಲ್ಲಿ ಓದುವ ಹುಡುಗಿಯರನ್ನೇ ಕಲೆಹಾಕಿ ಕಟ್ಟಿದ ತಂಡಗಳವು. ರಿಸರ್ವೇಷನ್ ಇಲ್ಲದ ರೈಲು ಬೋಗಿಯಲ್ಲಿ ಪಯಣ, ಡಾರ್ಮಿಟರಿಯ ನೆಲದ ಮೇಲೆ ತಾವೇ ಹೊತ್ತು ತಂದ ಹಾಸಿಗೆ, ಇಡೀ ತಂಡಕ್ಕೆ ಎರಡೋ ಮೂರೋ ಬ್ಯಾಟ್. ಶಾಂತಾ ರಂಗಸ್ವಾಮಿ ಈ ದಿನಗಳ ಬಗ್ಗೆ ಮತ್ತೆ ಮತ್ತೆ ಮಾತಾಡಿದ್ದಾರೆ. ಆದರೂ ನೋಡುವ ಜನರಿಗೆ ಬರವಿರಲಿಲ್ಲ. 1976ರ ನವೆಂಬರ್‌ನಲ್ಲಿ ಪಟ್ನಾದಲ್ಲಿ ಭಾರತ ತನ್ನ ಮೊದಲ ಟೆಸ್ಟ್ ಗೆದ್ದಾಗ ಕ್ರೀಡಾಂಗಣ ಕಿಕ್ಕಿರಿದಿತ್ತು. ಆರು ಟೆಸ್ಟ್‌ಗಳ ಆ ಸರಣಿ 1–1ರಲ್ಲಿ ಸಮವಾಯಿತು.

ಇನ್ನು ಗಂಡುಮಕ್ಕಳ ಕಥೆ. ಮುಂಬೈ ಕ್ರಿಕೆಟ್‌ನ ಹೆಚ್ಚುಗಾರಿಕೆ ಏನೆಂದು ಕೇಳಿದರೆ ಎಲ್ಲರೂ ಶಿವಾಜಿ ಪಾರ್ಕ್, ಆಜಾದ್ ಮೈದಾನ, ಕಾಂಗಾ ಲೀಗ್ ಎನ್ನುತ್ತಾರೆ. ಅದು ಸರಿ. ಆದರೆ ಅದರ ಬೆನ್ನೆಲುಬು ಬೇರೆ ಇತ್ತು: ಟೈಮ್ಸ್ ಶೀಲ್ಡ್. ಇದು ಕಂಪನಿಗಳ, ಬ್ಯಾಂಕುಗಳ, ಸರ್ಕಾರಿ ಕಚೇರಿಗಳ ನಡುವಿನ ಟೂರ್ನಿ. ಒಳ್ಳೆಯ ಆಟಗಾರ ಕಾಲೇಜು ಮುಗಿಸುವುದನ್ನೇ ಕಾದು ಕೂತಿದ್ದ ಕಚೇರಿಗಳು ಅವನಿಗೆ ಮೇಜು, ಕುರ್ಚಿ, ತಿಂಗಳ ಸಂಬಳ ಕೊಟ್ಟು, ಮಧ್ಯಾಹ್ನ ಪ್ರಾಕ್ಟೀಸಿಗೆ ಬಿಡುತ್ತಿದ್ದವು. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಓದಿದ ಸುನಿಲ್ ಗಾವಸ್ಕರ್, ಮಾಟುಂಗಾದ ಪೋದಾರ್ ಕಾಲೇಜಿನ ರವಿ ಶಾಸ್ತ್ರಿ ಇಬ್ಬರೂ ನಿರ್ಲಾನ್ ಕಂಪನಿಯ ಪರ ಆಡಿದರು. ಅಜಿತ್ ವಾಡೇಕರ್ ಸ್ಟೇಟ್ ಬ್ಯಾಂಕಿನವರು. ಕಾಲೇಜು, ಕಚೇರಿ, ರಣಜಿ, ಟೆಸ್ಟ್ ಎಂಬ ಏಣಿಯಲ್ಲಿ ಕಚೇರಿಯ ಮೆಟ್ಟಿಲು ಇಲ್ಲದಿದ್ದರೆ ಮಧ್ಯಮ ವರ್ಗದ ಎಷ್ಟೋ ಮಕ್ಕಳು 22ಕ್ಕೇ ಬ್ಯಾಟು ಅಟ್ಟಕ್ಕೆ ಹಾಕಿ ಬೇರೆ ಕೆಲಸ ಹುಡುಕುತ್ತಿದ್ದರು.

ಹೆಣ್ಣುಮಕ್ಕಳ ಏಣಿಯಲ್ಲಿ ಆ ಮೆಟ್ಟಿಲೇ ಇರಲಿಲ್ಲ. ಕಾಲೇಜಿನಲ್ಲಿ ಚೆನ್ನಾಗಿ ಬೌಲಿಂಗ್ ಮಾಡಿದ ಹುಡುಗಿಗೆ ಕಚೇರಿ ಯಾವ ಕರೆಯನ್ನೂ ಕಳಿಸುತ್ತಿರಲಿಲ್ಲ. ಮನೆಯಲ್ಲಿ ಮದುವೆಯ ಮಾತು ಶುರುವಾಗುತ್ತಿತ್ತು, ಇಲ್ಲವೇ ಟೈಪಿಂಗ್ ಕ್ಲಾಸು. ಬ್ಯಾಟಿಂಗ್ ಮಾಡುವವರಿಗಿಂತ ಸ್ಪಿನ್ ಹಾಕುವವರಿಗೆ ಇದರಿಂದ ಆಗುವ ನಷ್ಟ ದೊಡ್ಡದು ಎಂಬುದು ನನ್ನ ಎಣಿಕೆ. ಕಾರಣ ಸ್ಪಿನ್ ಎಂಬ ವಿದ್ಯೆಯ ಒಳಗೇ ಇದೆ.

ಎಡಗೈ ಸ್ಪಿನ್ನರ್ ಹಾಕಿದ ಚೆಂಡು ಬಲಗೈ ಬ್ಯಾಟರ್‌ನ ಕಾಲಿನ ಗೆರೆಯಲ್ಲಿ ಬಿದ್ದು ಹೊರಕ್ಕೆ, ಆಫ್ ಬದಿಗೆ ತಿರುಗುತ್ತದೆ. ಬ್ಯಾಟಿನ ಹೊರ ಅಂಚು, ಕೀಪರ್, ಸ್ಲಿಪ್, ಇವು ಆ ಬೌಲರ್‌ನ ಮುಖ್ಯ ಆದಾಯ. ಅದೇ ಕೈ ತಿರುವಿನಲ್ಲಿ, ಅದೇ ಹಾರಾಟದಲ್ಲಿ, ತಿರುಗದೆ ನೇರ ಒಳಕ್ಕೆ ನುಗ್ಗುವ ಚೆಂಡೂ ಒಂದಿದೆ. ಅದಕ್ಕೆ ಆರ್ಮ್ ಬಾಲ್ ಎನ್ನುತ್ತಾರೆ. ಹೊರಕ್ಕೆ ತಿರುಗುತ್ತದೆಂದು ಬ್ಯಾಟು ಚಾಚಿದವರ ಪ್ಯಾಡಿಗೋ ಸ್ಟಂಪಿಗೋ ಅದು ಬಡಿಯುತ್ತದೆ. ಎರಡನ್ನೂ ಹಾಕಲು ಕಲಿಯುವುದು ಒಂದು ವರ್ಷದ ಕೆಲಸ. ಯಾವುದನ್ನು ಯಾವಾಗ ಹಾಕಬೇಕೆಂದು ಕಲಿಯುವುದು ಹತ್ತು ವರ್ಷದ್ದು. ಮಹಿಳೆಯರ ಕ್ರಿಕೆಟ್ ಚೆಂಡು ಗಂಡಸರದ್ದಕ್ಕಿಂತ ತುಸು ಹಗುರ: ಹೆಚ್ಚೆಂದರೆ 151 ಗ್ರಾಂ, ಗಂಡಸರದ್ದು ಹೆಚ್ಚೆಂದರೆ 163. ಅದನ್ನು ಗಾಳಿಯಲ್ಲಿ ತೇಲಿಸಿ ಬ್ಯಾಟರನ್ನು ಕ್ರೀಸಿನಿಂದ ಮುಂದೆ ಎಳೆಯಬಹುದು. ಆದರೆ ಉದ್ದ ಒಂದು ಗೇಣು ತಪ್ಪಿದರೂ ಚೆಂಡು ಬೌಂಡರಿಗೆ ಹೋಗುತ್ತದೆ. ವೇಗದ ಬೌಲರ್ 20ರಲ್ಲಿ ತನ್ನ ಅತ್ಯಂತ ವೇಗದ ಚೆಂಡು ಹಾಕಿಬಿಡಬಹುದು. ಸ್ಪಿನ್ನರ್ ಹದಕ್ಕೆ ಬರುವುದು ಮೂವತ್ತರ ಆಸುಪಾಸಿನಲ್ಲಿ. ಕಾಲೇಜಿನಲ್ಲಿ ಕಾಣುವುದು ಬೀಜ ಮಾತ್ರ.

ಡಯಾನಾ ಅವರ ಅಂಕಿಗಳಲ್ಲಿ ಈ ಹದ ಸ್ಪಷ್ಟವಾಗಿ ಕಾಣುತ್ತದೆ. 20 ಟೆಸ್ಟ್‌ಗಳಲ್ಲಿ ಅವರು ಹಾಕಿದ್ದು 5,098 ಎಸೆತ, ಅಂದರೆ ಸುಮಾರು 850 ಓವರ್. ಮಹಿಳಾ ಟೆಸ್ಟ್ ಇತಿಹಾಸದಲ್ಲಿ ಇಷ್ಟು ಎಸೆತ ಹಾಕಿದವರು ಬೇರಾರೂ ಇಲ್ಲ. ಪಡೆದದ್ದು 63 ವಿಕೆಟ್, ಸರಾಸರಿ 25.77. ಲೆಕ್ಕ ಹಾಕಿದರೆ ಓವರಿಗೆ ಎರಡು ರನ್ ಕೂಡ ಬಿಟ್ಟುಕೊಟ್ಟಿಲ್ಲ. ಟೆಸ್ಟ್ ವಿಕೆಟ್‌ಗಳಲ್ಲಿ ಅವರಿಗಿಂತ ಮುಂದಿರುವವರು ಇಬ್ಬರೇ, ಇಂಗ್ಲೆಂಡಿನ ಮೇರಿ ಡಗ್ಗನ್ ಮತ್ತು ಆಸ್ಟ್ರೇಲಿಯಾದ ಬೆಟ್ಟಿ ವಿಲ್ಸನ್. ಇಬ್ಬರೂ ಡಯಾನಾ ಚೆಂಡು ಹಿಡಿಯುವ ಎಷ್ಟೋ ಮೊದಲೇ ಆಟ ಬಿಟ್ಟವರು. ಏಕದಿನ ಪಂದ್ಯಗಳ 46 ವಿಕೆಟ್‌ಗಳು ಇನ್ನೂ ಅಗ್ಗದಲ್ಲಿ, 17ಕ್ಕಿಂತ ಕಡಿಮೆ ಸರಾಸರಿಯಲ್ಲಿ ಬಂದವು.

ಈ ಅಂಕಿಗಳ ಮಧ್ಯೆ ಒಂದು ಹಳ್ಳವಿದೆ. ಆ ತಲೆಮಾರಿನ ಕಥೆ ಇರುವುದು ಅಲ್ಲೇ.

1977ರ ಜನವರಿಯಲ್ಲಿ ಭಾರತದ ಮಹಿಳೆಯರು ಪರ್ತ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಒಂದು ಟೆಸ್ಟ್ ಆಡಿದರು. ಅದಕ್ಕೆ ಸ್ವಲ್ಪ ಮೊದಲು ನ್ಯೂಜಿಲೆಂಡಿನ ಡ್ಯೂನೆಡಿನ್‌ನಲ್ಲಿ ಶಾಂತಾ ರಂಗಸ್ವಾಮಿ ಭಾರತೀಯ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕ ಹೊಡೆದಿದ್ದರು. ಪರ್ತ್ ಆದ ಮೇಲಿನ ಟೆಸ್ಟ್ ನಡೆದದ್ದು 1984ರ ಜನವರಿಯಲ್ಲಿ. ಏಳು ವರ್ಷ! ಪರ್ತ್‌ನಲ್ಲಿ ಡಯಾನಾಗೆ 21 ತುಂಬುವುದರಲ್ಲಿತ್ತು, ಮುಂದಿನ ಟೆಸ್ಟ್‌ನ ಹೊತ್ತಿಗೆ 28 ತುಂಬುವುದರಲ್ಲಿತ್ತು. ನಡುವೆ 1978 ಮತ್ತು 1982ರ ವಿಶ್ವಕಪ್‌ಗಳ ಏಕದಿನ ಪಂದ್ಯಗಳಿದ್ದವು, ನಿಜ. 1978ರದ್ದು ಭಾರತದಲ್ಲೇ ನಡೆದ ಮೊದಲ ಮಹಿಳಾ ವಿಶ್ವಕಪ್. ನಾಯಕಿ ಡಯಾನಾ, ವಯಸ್ಸು 21. ಜನವರಿ 1ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಭಾರತ ತನ್ನ ಮೊಟ್ಟಮೊದಲ ಏಕದಿನ ಪಂದ್ಯ ಆಡಿ ಇಂಗ್ಲೆಂಡ್ ಎದುರು 63 ರನ್ನಿಗೆ ಆಲೌಟ್ ಆಯಿತು. ಮೂರು ಪಂದ್ಯ, ಮೂರು ಸೋಲು. ಏಕದಿನದ ಕ್ರಿಕೆಟ್ಟನ್ನೇ ಅಷ್ಟಾಗಿ ಆಡಿರದ ಹುಡುಗಿಯರನ್ನು ಕಟ್ಟಿಕೊಂಡು ಜಗತ್ತಿನ ಅತಿ ಅನುಭವಿ ತಂಡಗಳ ಮುಂದೆ ನಿಂತ ಆ ನಾಯಕಿಯ ಬಗ್ಗೆ ನನಗೆ ಹೆಮ್ಮೆಯೇ ಹೊರತು ಬೇಸರವಿಲ್ಲ.

ಏಳು ವರ್ಷ ಟೆಸ್ಟ್ ಇಲ್ಲದ ಬೌಲರ್ 1984ರಲ್ಲಿ ದಿಲ್ಲಿಯಲ್ಲಿ ಆಸ್ಟ್ರೇಲಿಯಾ ಎದುರು ಚೆಂಡು ಕೈಗೆತ್ತಿಕೊಂಡು 64 ರನ್ನಿಗೆ 6 ವಿಕೆಟ್ ಕಿತ್ತರು. ಅವರ ಟೆಸ್ಟ್ ಜೀವನದ ಅತ್ಯುತ್ತಮ ಬೌಲಿಂಗ್ ಅದೇ. ಹಿಂದಿನ ವರ್ಷ ಅರ್ಜುನ ಪ್ರಶಸ್ತಿ ಬಂದಿತ್ತು. ಸ್ವಲ್ಪ ಕಾಲ ಪಂದ್ಯಗಳು ಸಿಕ್ಕವು: 1985ರಲ್ಲಿ ನ್ಯೂಜಿಲೆಂಡ್, 1986ರಲ್ಲಿ ಇಂಗ್ಲೆಂಡ್ ಪ್ರವಾಸ. ಮತ್ತೆ ಹಳ್ಳ. 1988ರ ವಿಶ್ವಕಪ್‌ಗೆ ಭಾರತ ಹೋಗಲೇ ಇಲ್ಲ. ಮುಂದಿನ ಟೆಸ್ಟ್ 1991ರಲ್ಲಿ. ಹೀಗೆ ಕೂಡಿಸಿದರೆ ಅವರ ಆಟದ ಬಾಳಿನಲ್ಲಿ ಟೆಸ್ಟ್ ಇದ್ದ ವರ್ಷಗಳು ಬೆರಳೆಣಿಕೆಯಷ್ಟು. ಆ ಅವಧಿಯಲ್ಲಿ ಭಾರತ ಆಡಿದ ಹೆಚ್ಚುಕಡಿಮೆ ಎಲ್ಲ ಟೆಸ್ಟ್‌ಗಳಲ್ಲೂ ಅವರಿದ್ದರು, ಆದರೂ ಸಂಖ್ಯೆ 20 ದಾಟಲಿಲ್ಲ. ಕಪಿಲ್ ದೇವ್ ಮೊದಲ ಟೆಸ್ಟ್ ಆಡಿದ್ದು ಡಯಾನಾಗಿಂತ ಎರಡು ವರ್ಷ ತಡವಾಗಿ, ನಿವೃತ್ತರಾದದ್ದು ಒಂದು ವರ್ಷ ತಡವಾಗಿ. ಅವರು ಆಡಿದ್ದು 131 ಟೆಸ್ಟ್.

ಟೆಸ್ಟೇ ಇಲ್ಲದ ಏಳು ವರ್ಷ ಬೌಲರ್ ಕೈ ಹೇಗೆ ಉಳಿಯಿತು? ಅಲ್ಲಿಗೆ ಬಂದದ್ದು ಪಶ್ಚಿಮ ರೈಲ್ವೆ.

ಚರ್ಚ್‌ಗೇಟ್ ನಿಲ್ದಾಣದ ಎದುರಿಗೆ ಕಲ್ಲಿನ ಗುಮ್ಮಟ ಹೊತ್ತ ಕಟ್ಟಡವೊಂದಿದೆ. ಅದು ಪಶ್ಚಿಮ ರೈಲ್ವೆಯ ಕೇಂದ್ರ ಕಚೇರಿ. ಹತ್ತೇ ನಿಮಿಷ ನಡೆದರೆ ಒಂದು ಕಡೆ ವಾಂಖೆಡೆ, ಇನ್ನೊಂದು ಕಡೆ ಬ್ರೆಬೋರ್ನ್. ಹತ್ತಿರದ ಕ್ರಾಸ್ ಮೈದಾನದಲ್ಲಿ ಮುಂಬೈ ಕನ್ನಡಿಗರ ಕರ್ನಾಟಕ ಸ್ಪೋರ್ಟಿಂಗ್ ಅಸೋಸಿಯೇಷನ್ನಿನ ಪಿಚ್ ಕೂಡ ಇದೆ. ಡಯಾನಾ ಈ ರೈಲ್ವೆಯ ನೌಕರಿಗೆ ಸೇರಿ, ಹಿರಿಯ ಕ್ರೀಡಾಧಿಕಾರಿಯ ಹುದ್ದೆಯ ವರೆಗೆ ಏರಿದರು. ಅವರು ತಮಗೆ ಕೆಲಸ ಸಿಕ್ಕಿತಲ್ಲ ಎಂದು ಸುಮ್ಮನಾಗಲಿಲ್ಲ. ಎಂಬತ್ತರ ದಶಕದಲ್ಲಿ ರೈಲ್ವೆ ರಾಜ್ಯ ಸಚಿವರಾಗಿದ್ದ ಮಾಧವರಾವ್ ಸಿಂಧಿಯಾ ಅವರ ಮುಂದೆ ಹೋಗಿ, ರೈಲ್ವೆಗೆ ಮಹಿಳಾ ಕ್ರಿಕೆಟ್ ತಂಡ ಬೇಕು, ಆಟಗಾರ್ತಿಯರಿಗೆ ಕ್ರೀಡಾ ಕೋಟಾದಲ್ಲಿ ಕೆಲಸ ಕೊಡಬೇಕು ಎಂದು ಒಪ್ಪಿಸಿದರು. ಸಿಂಧಿಯಾ ಸ್ವತಃ ಕ್ರಿಕೆಟ್ ಬಲ್ಲವರು, ಮುಂದೆ ಕ್ರಿಕೆಟ್ ಮಂಡಳಿಯ ಅಧ್ಯಕ್ಷರೂ ಆದರು.

ಕ್ರೀಡಾ ಕೋಟಾ ಎಂದರೆ ಹೊರಗಿನವರಿಗೆ ಕೂತಲ್ಲೇ ಸಂಬಳ ಎನ್ನಿಸಬಹುದು. ಆಟಗಾರ್ತಿಯ ಮನೆಯಿಂದ ನೋಡಿದರೆ ಅದರ ಅರ್ಥ ಬೇರೆ. ಟಿಕೆಟ್ ಕಲೆಕ್ಟರೋ ಕ್ಲರ್ಕೋ ಆಗಿ ಸೇರುವ ಹುಡುಗಿಗೆ ತಿಂಗಳ ಕೊನೆಗೆ ಸಂಬಳ ಬರುತ್ತದೆ. ರೈಲ್ವೆ ಪಾಸು ಸಿಗುತ್ತದೆ. ಮಂಡಿ ತಿರುಚಿದರೆ ರೈಲ್ವೆ ಆಸ್ಪತ್ರೆ ಇದೆ. ಟೂರ್ನಿಗೆ ಹೋಗಲು ರಜೆ ಬೇಡಬೇಕಿಲ್ಲ, ಕಳಿಸುವುದೇ ಇಲಾಖೆ. ಎಲ್ಲಕ್ಕಿಂತ ಹೆಚ್ಚಾಗಿ, ಇನ್ನೂ ಎಷ್ಟು ದಿನ ಈ ಆಟ ಎಂದು ಕೇಳುವ ನೆಂಟರ ಬಾಯಿ ಮುಚ್ಚುತ್ತದೆ. ಗಂಡುಮಕ್ಕಳಿಗೆ ಟೈಮ್ಸ್ ಶೀಲ್ಡ್‌ನ ಕಚೇರಿಗಳು ಕೊಟ್ಟದ್ದನ್ನು ಹೆಣ್ಣುಮಕ್ಕಳಿಗೆ ರೈಲ್ವೆ ಕೊಟ್ಟಿತು, ಅದೂ ಒಂದು ನಗರಕ್ಕಲ್ಲ, ಇಡೀ ದೇಶಕ್ಕೆ. ಬೇರೆಡೆಯೂ ಇಂಥ ಆಸರೆಗಳು ಇಲ್ಲದಿರಲಿಲ್ಲ. ಶಾಂತಾ ರಂಗಸ್ವಾಮಿ ಕೆನರಾ ಬ್ಯಾಂಕಿನಲ್ಲಿ ದುಡಿದು ಜನರಲ್ ಮ್ಯಾನೇಜರ್ ಆದವರು, ಜೂಲನ್ ಗೋಸ್ವಾಮಿಗೆ ಏರ್ ಇಂಡಿಯಾ ಇತ್ತು. ಆದರೆ ಒಂದಿಡೀ ತಂಡವನ್ನು ತಲೆಮಾರುಗಟ್ಟಲೆ ಸಾಕಿದ್ದು ರೈಲ್ವೆ. 2006–07ರಲ್ಲಿ ಕ್ರಿಕೆಟ್ ಮಂಡಳಿಯ ಕೆಳಗೆ ಮಹಿಳೆಯರ ರಾಷ್ಟ್ರೀಯ ಏಕದಿನ ಟೂರ್ನಿ ಶುರುವಾದಾಗಿನಿಂದ ಅದನ್ನು ರೈಲ್ವೆ ಗೆಲ್ಲದ ವರ್ಷವೇ ಸುದ್ದಿಯಾಗುವಂತಾಯಿತು. 2017ರಲ್ಲಿ ವಿಶ್ವಕಪ್ ಫೈನಲ್ ಆಡಿ ಬಂದ ಭಾರತದ 15 ಜನರಲ್ಲಿ 10 ಮಂದಿ ರೈಲ್ವೆ ನೌಕರರು. ನಾಯಕಿ ಮಿಥಾಲಿ ರಾಜ್, ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಗಾಯಕವಾಡ್ ಆ ಹತ್ತರಲ್ಲಿದ್ದರು.

ರಾಜೇಶ್ವರಿಯ ಹೆಸರು ಬಂದಲ್ಲಿ ಸ್ವಲ್ಪ ನಿಲ್ಲಬೇಕು. ಅವರೂ ಎಡಗೈ ಸ್ಪಿನ್ನರ್. ಡಯಾನಾ 1993ರಲ್ಲಿ ನಿವೃತ್ತರಾದ ಮೇಲೆ ಭಾರತದ ಎಡಗೈ ಸ್ಪಿನ್ ಯಾರ ಕೈಗೆ ಹೋಯಿತು ಎಂದು ಹೆಸರು ಜೋಡಿಸುತ್ತ ಹೋದರೆ ಒಂದು ಸಾಲು ಕಾಣುತ್ತದೆ. ಕಾನ್ಪುರದ ನೀತು ಡೇವಿಡ್ 1995ರಲ್ಲಿ ತಂಡಕ್ಕೆ ಬಂದು, ಅದೇ ವರ್ಷ ಜಮ್‌ಶೆಡ್‌ಪುರದಲ್ಲಿ ಇಂಗ್ಲೆಂಡ್ ಎದುರು ಒಂದೇ ಇನಿಂಗ್ಸ್‌ನಲ್ಲಿ 53 ರನ್ನಿಗೆ 8 ವಿಕೆಟ್ ಕಿತ್ತರು. ಮಹಿಳಾ ಟೆಸ್ಟ್‌ನಲ್ಲಿ ಅದು ಇಂದಿಗೂ ವಿಶ್ವದಾಖಲೆ. ಆಮೇಲೆ ಅಲ್ಮೋರಾದ ಏಕ್ತಾ ಬಿಷ್ಟ್, ವಿಜಯಪುರದ ರಾಜೇಶ್ವರಿ. 2017ರ ವಿಶ್ವಕಪ್‌ನಲ್ಲಿ ಡರ್ಬಿಯ ಒಂದೇ ಅಂಗಳದಲ್ಲಿ ಏಕ್ತಾ ಪಾಕಿಸ್ತಾನದ ವಿರುದ್ಧ 18ಕ್ಕೆ 5, ರಾಜೇಶ್ವರಿ ನ್ಯೂಜಿಲೆಂಡ್ ವಿರುದ್ಧ 15ಕ್ಕೆ 5 ವಿಕೆಟ್ ಪಡೆದರು. ಪಾಕಿಸ್ತಾನ 74ಕ್ಕೆ, ನ್ಯೂಜಿಲೆಂಡ್ 79ಕ್ಕೆ ಕುಸಿಯಿತು. ಕೊಲಾಬಾ, ಕಾನ್ಪುರ, ಅಲ್ಮೋರಾ, ವಿಜಯಪುರ: ಒಂದು ಊರಿಗೂ ಇನ್ನೊಂದಕ್ಕೂ ಭಾಷೆ, ನೆಲ, ಹವೆ ಯಾವುದೂ ಹೊಂದುವುದಿಲ್ಲ. ಈ ನಾಲ್ವರಿಗೂ ಸಮಾನವಾಗಿದ್ದದ್ದು ಎಡಗೈ, ಮತ್ತು ರೈಲ್ವೆ ತಂಡ. ಇದು ಬರಿಯ ಆಕಸ್ಮಿಕ ಎಂದು ನಾನು ನಂಬುವುದಿಲ್ಲ. ನಿಧಾನವಾಗಿ ಮಾಗುವ ವಿದ್ಯೆ ಉಳಿಯುವುದು ನಿಧಾನಕ್ಕೆ ಸಂಬಳ ಕೊಡುವ ಜಾಗದಲ್ಲೇ.

ಡಯಾನಾ ಕಚೇರಿಯ ಕುರ್ಚಿಯಲ್ಲಿ ಕೂತು ಮಾಡಿದ ಇನ್ನೊಂದು ಕೆಲಸ ಇಡೀ ದೇಶಕ್ಕೆ ಫಲ ಕೊಟ್ಟಿತು. ಪಂಜಾಬಿನ ಮೋಗಾದ ಹರ್ಮನ್‌ಪ್ರೀತ್ ಕೌರ್‌ಗೆ ಪಶ್ಚಿಮ ರೈಲ್ವೆಯಲ್ಲಿ ಒಳ್ಳೆಯ ದರ್ಜೆಯ ಕೆಲಸ ಕೊಡಿಸಬೇಕೆಂದು ಅವರು ಪಟ್ಟು ಹಿಡಿದರು. ಆಗ ರಾಜ್ಯಸಭಾ ಸದಸ್ಯರಾಗಿದ್ದ ಸಚಿನ್ ತೆಂಡೂಲ್ಕರ್ ರೈಲ್ವೆ ಸಚಿವರಿಗೆ ಪತ್ರ ಬರೆದದ್ದೂ ಈ ಯತ್ನದ ಭಾಗ. 2014ರಲ್ಲಿ ಹರ್ಮನ್‌ಪ್ರೀತ್ ಮುಂಬೈಗೆ ಬಂದರು. ಮೂರು ವರ್ಷದ ಮೇಲೆ ಅದೇ ಡರ್ಬಿಯಲ್ಲಿ, ವಿಶ್ವಕಪ್ ಸೆಮಿಫೈನಲ್‌ನಲ್ಲಿ, ಆಸ್ಟ್ರೇಲಿಯಾ ಎದುರು ಅಜೇಯ 171 ರನ್ ಹೊಡೆದರು.

ಡಯಾನಾ ನೇರ ಮಾತಿನವರು. 1986ರ ಇಂಗ್ಲೆಂಡ್ ಪ್ರವಾಸದಲ್ಲಿ ಲಾರ್ಡ್ಸ್ ಮೈದಾನದ ಪೆವಿಲಿಯನ್ ಒಳಗೆ ಹೆಂಗಸರಿಗೆ ಪ್ರವೇಶವಿಲ್ಲವೆಂದು ಅವರನ್ನು ಬಾಗಿಲಲ್ಲೇ ತಡೆದರು. ಹಾಗಾದರೆ ಮೈದಾನದ ಒಡೆತನದ ಕ್ಲಬ್ ಎಂ.ಸಿ.ಸಿ. ತನ್ನ ಹೆಸರಿನ ಕೊನೆಯ ಅಕ್ಷರ ಬದಲಿಸಿ ಎಂ.ಸಿ.ಪಿ. ಎಂದಿಟ್ಟುಕೊಳ್ಳಲಿ ಎಂದುಬಿಟ್ಟರು. ಗಂಡಸುತನದ ಅಹಂಕಾರಿಗಳನ್ನು ಇಂಗ್ಲಿಷ್‌ನಲ್ಲಿ ಬಯ್ಯುವ ಮಾತಿನ ಮೊದಲಕ್ಷರಗಳವು. ಈ ಮಾತು ಎಲ್ಲರಿಗೂ ಗೊತ್ತು. ಅದರ ಹಿಂದಿನ ಚರಿತ್ರೆಯನ್ನು ಯಾರೂ ಹೇಳುವುದಿಲ್ಲ. ಭಾರತದಿಂದ ಇಂಗ್ಲೆಂಡಿಗೆ ಹೋದ ಮೊದಲ ಕ್ರಿಕೆಟ್ ತಂಡ ಮುಂಬೈನ ಪಾರ್ಸಿಗಳದ್ದು. ಅವರು ಹೋದದ್ದು 1886ರಲ್ಲಿ. ಲಾರ್ಡ್ಸ್‌ನಲ್ಲಿ ಅವರೆದುರು ಎಂ.ಸಿ.ಸಿ. ಪರ ಆಡಿದವರಲ್ಲಿ ಡಬ್ಲ್ಯು.ಜಿ. ಗ್ರೇಸ್ ಕೂಡ ಇದ್ದರು. ಅದಾಗಿ ಸರಿಯಾಗಿ ನೂರು ವರ್ಷಕ್ಕೆ ಅದೇ ಸಮುದಾಯದ, ಅದೇ ನಗರದ ಟೆಸ್ಟ್ ಬೌಲರ್ ಒಬ್ಬರು ಅದೇ ಬಾಗಿಲ ಹೊರಗೆ ನಿಂತರು, ಹೆಣ್ಣೆಂಬ ಕಾರಣಕ್ಕೆ. ಎಂ.ಸಿ.ಸಿ. ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಮತ ಹಾಕಿದ್ದು 1998ರಲ್ಲಿ.

37ನೇ ವಯಸ್ಸಿನಲ್ಲಿ, 1993ರ ವಿಶ್ವಕಪ್‌ನಲ್ಲಿ ತಂಡವನ್ನು ಮುನ್ನಡೆಸಿ ಡಯಾನಾ ಆಟ ನಿಲ್ಲಿಸಿದರು. ಎಂಟು ತಂಡಗಳಲ್ಲಿ ಭಾರತ ನಾಲ್ಕನೆಯದು. 2002ರಲ್ಲಿ ಪದ್ಮಶ್ರೀ ಬಂತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕ್ರಿಕೆಟ್ ಮಂಡಳಿಯ ಆಡಳಿತ ನೋಡಿಕೊಳ್ಳಲು ನಾಲ್ವರ ಸಮಿತಿ ನೇಮಿಸಿತು: ವಿನೋದ್ ರಾಯ್, ಬೆಂಗಳೂರಿನಲ್ಲಿ ನೆಲೆಸಿರುವ ಇತಿಹಾಸಕಾರ ರಾಮಚಂದ್ರ ಗುಹಾ, ವಿಕ್ರಮ್ ಲಿಮಯೆ ಮತ್ತು ಡಯಾನಾ ಎಡುಲ್ಜಿ. ಗುಹಾ, ಲಿಮಯೆ ಆ ವರ್ಷವೇ ಹೊರನಡೆದರು. ಡಯಾನಾ 2019ರ ಅಕ್ಟೋಬರ್‌ನಲ್ಲಿ ಸಮಿತಿಯ ಅವಧಿ ಮುಗಿಯುವ ವರೆಗೂ ಇದ್ದರು, ಸಮಿತಿಯ ಅಧ್ಯಕ್ಷ ವಿನೋದ್ ರಾಯ್ ಜೊತೆ ಹಲವು ಸಲ ಬಹಿರಂಗವಾಗಿ ಭಿನ್ನಾಭಿಪ್ರಾಯ ತಾಳುತ್ತಲೇ ಇದ್ದರು. 2023ರ ನವೆಂಬರ್ 13ರಂದು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ತನ್ನ ಹಾಲ್ ಆಫ್ ಫೇಮ್‌ಗೆ ವೀರೇಂದ್ರ ಸೆಹ್ವಾಗ್, ಅರವಿಂದ ಡಿ ಸಿಲ್ವ ಜೊತೆ ಅವರ ಹೆಸರನ್ನೂ ಪ್ರಕಟಿಸಿತು. ಆ ಗೌರವ ಪಡೆದ ಮೊದಲ ಭಾರತೀಯ ಮಹಿಳೆ ಅವರೇ. ಮರುವರ್ಷ ಎರಡನೆಯವರಾಗಿ ನೀತು ಡೇವಿಡ್ ಸೇರಿದರು. ಗಮನಿಸಿ, ಇಬ್ಬರೂ ರೈಲ್ವೆಯ ಎಡಗೈ ಸ್ಪಿನ್ನರ್‌ಗಳು.

ಈಗ ಕಾಲ ಬದಲಾಗಿದೆ, ನೌಕರಿಯ ಮಾತೇಕೆ ಎಂದು ಕೇಳುವವರಿದ್ದಾರೆ. 2022ರ ಅಕ್ಟೋಬರ್‌ನಲ್ಲಿ ಕ್ರಿಕೆಟ್ ಮಂಡಳಿ ಪಂದ್ಯದ ಶುಲ್ಕವನ್ನು ಗಂಡಸರಿಗೂ ಹೆಂಗಸರಿಗೂ ಸಮ ಮಾಡಿತು: ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ ರೂಪಾಯಿ. 2023ರ ಮಾರ್ಚ್‌ನಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಶುರುವಾಯಿತು. ಮೊದಲ ವರ್ಷದ ಎಲ್ಲ ಪಂದ್ಯಗಳೂ ಬ್ರೆಬೋರ್ನ್ ಮತ್ತು ನವಿ ಮುಂಬೈನ ಡಿ.ವೈ. ಪಾಟೀಲ್ ಕ್ರೀಡಾಂಗಣಗಳಲ್ಲೇ ನಡೆದವು. 2024ರಲ್ಲಿ ನಮ್ಮ ಶ್ರೇಯಾಂಕಾ ಪಾಟೀಲ್ 13 ವಿಕೆಟ್‌ಗಳೊಂದಿಗೆ ಅತಿ ಹೆಚ್ಚು ವಿಕೆಟ್ ಪಡೆದವರ ಪರ್ಪಲ್ ಕ್ಯಾಪ್ ಗೆದ್ದಾಗ ಅವರಿಗಿನ್ನೂ 22 ತುಂಬಿರಲಿಲ್ಲ. ಕಾಲೇಜು ವಯಸ್ಸಿನ ಬೌಲರ್ ಒಬ್ಬರು ಆಟದಿಂದಲೇ ಬದುಕಬಹುದಾದ ದಿನ ಬಂದಿದೆ, ಸಂತೋಷ. ಆದರೆ ಲೀಗ್‌ನಲ್ಲಿರುವುದು ಐದು ತಂಡ. ಒಂದು ತಂಡದಲ್ಲಿ ಹೆಚ್ಚೆಂದರೆ 18 ಜನ, ಅವರಲ್ಲಿ ವಿದೇಶಿಯರೂ ಸೇರಿ. ದೇಶಕ್ಕೆಲ್ಲ ಲೆಕ್ಕ ಹಾಕಿದರೂ ಅಲ್ಲಿ ಜಾಗ ಸಿಗುವ ಭಾರತೀಯರು ಅರವತ್ತರ ಆಸುಪಾಸು ಮಂದಿ. ವಿರಾರ್, ಡೊಂಬಿವಲಿ, ಪನ್ವೇಲ್‌ಗಳಿಂದ ಬೆಳಗಿನ ಲೋಕಲ್‌ನ ಲೇಡೀಸ್ ಡಬ್ಬಾಕ್ಕೆ ಕಿಟ್ ಬ್ಯಾಗ್ ಹೊತ್ತು ಏರುವ ಹುಡುಗಿಯರಲ್ಲಿ ಹೆಚ್ಚಿನವರಿಗೆ ಈ ಲೀಗ್ ಟಿ.ವಿ.ಯಲ್ಲಿ ನೋಡುವ ಆಟ. ಅವರಿಗೆ 22ರಿಂದ 28ರ ವರೆಗಿನ ದಾರಿ ಇನ್ನೂ ಕಚೇರಿಯ ಮೂಲಕವೇ ಹೋಗುತ್ತದೆ. ಲೀಗ್ ಬಂತೆಂದು ಬ್ಯಾಂಕುಗಳು, ಸರ್ಕಾರಿ ಇಲಾಖೆಗಳು ಮಹಿಳಾ ತಂಡಗಳ ಕೋಟಾ ಕಡಿಮೆ ಮಾಡಿದರೆ ಮೊದಲು ಕಾಣೆಯಾಗುವವರು ಸ್ಪಿನ್ನರ್‌ಗಳು.

ಇನ್ನೊಂದು ಕೊರತೆಯನ್ನೂ ಹೇಳಲೇಬೇಕು. ಡಯಾನಾ ಅವರ 63 ಟೆಸ್ಟ್ ವಿಕೆಟ್‌ಗಳಲ್ಲಿ ಒಂದೊಂದೂ ದಾಖಲಾಗಿದೆ. ಆದರೆ ಎಪ್ಪತ್ತರ ದಶಕದ ಮಹಿಳೆಯರ ರಾಜ್ಯ ಮಟ್ಟದ, ವಿಶ್ವವಿದ್ಯಾಲಯ ಮಟ್ಟದ ಪಂದ್ಯಗಳ ಸ್ಕೋರ್‌ಕಾರ್ಡ್‌ಗಳು ಒಂದೆಡೆ ಪೂರ್ತಿಯಾಗಿ ಸಿಗುವುದಿಲ್ಲ. ಅದೇ ಊರಿನ ಗಂಡುಮಕ್ಕಳು ಶಾಲೆಯ ಹ್ಯಾರಿಸ್ ಶೀಲ್ಡ್‌ನಲ್ಲಿ ಹೊಡೆದ ರನ್‌ಗಳೂ ಕಥೆಗಳಾಗಿ ಉಳಿದಿವೆ. ಆ ಹುಡುಗಿಯರ ಆಟವನ್ನು ಬರೆದಿಟ್ಟ ಸ್ಕೋರ್‌ಬುಕ್‌ಗಳು ಯಾವುದಾದರೂ ಕಾಲೇಜಿನ ಕ್ರೀಡಾ ವಿಭಾಗದ ಕಪಾಟಿನಲ್ಲೋ, ಜಿಮ್‌ಖಾನಾದ ಮೂಲೆಯಲ್ಲೋ ಇದ್ದರೆ ಅವನ್ನು ಗೆದ್ದಲು ಹಿಡಿಯುವ ಮೊದಲು ತೆಗೆಯಬೇಕು. ಆಗ ಆಡಿದವರು ಈಗ ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ಕೇಳಿ ಬರೆದುಕೊಳ್ಳಲು ಕಾಲ ಇನ್ನೂ ಮೀರಿಲ್ಲ.

2025ರ ನವೆಂಬರ್ 2ರಂದು ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿ ಮೊದಲ ಸಲ ವಿಶ್ವಕಪ್ ಎತ್ತಿದರು. ನಾಯಕಿ ಹರ್ಮನ್‌ಪ್ರೀತ್. ಮೂರು ದಿನ ಮೊದಲು ಅದೇ ಅಂಗಳದಲ್ಲಿ, ಮಂಗಳೂರು ಮೂಲದ ಮನೆತನದ ಮುಂಬೈ ಹುಡುಗಿ ಜೆಮಿಮಾ ರಾಡ್ರಿಗಸ್ ಅಜೇಯ 127 ರನ್ ಹೊಡೆದು ಆಸ್ಟ್ರೇಲಿಯಾವನ್ನು ಮನೆಗೆ ಕಳಿಸಿದ್ದರು. ಫೈನಲ್‌ನ ಹನ್ನೊಂದು ಮಂದಿಯಲ್ಲಿ ಎಡಗೈ ಸ್ಪಿನ್ನರ್‌ಗಳು ಇಬ್ಬರು. ಒಬ್ಬರು ಆಂಧ್ರದ ಕಡಪ ಜಿಲ್ಲೆಯ ಶ್ರೀ ಚರಣಿ, ವಯಸ್ಸು 21. ಇನ್ನೊಬ್ಬರು ಮುಂಬೈ ಉಪನಗರ ಕಾಂದಿವಲಿಯ ರಾಧಾ ಯಾದವ್. ರಾಧಾ ಬೆಳೆದದ್ದು ಬಡಾವಣೆಯೊಂದರ ತೀರಾ ಚಿಕ್ಕ ಮನೆಯಲ್ಲಿ. ತಂದೆ ರಸ್ತೆಬದಿಯ ಪುಟ್ಟ ಅಂಗಡಿಯ ವ್ಯಾಪಾರದಿಂದ ಸಂಸಾರ ಸಾಕಿದವರು. ಕೋಚ್ ಪ್ರಫುಲ್ ನಾಯಕ್ ಬೀದಿಯಲ್ಲಿ ಹುಡುಗರ ಜೊತೆ ಆಡುತ್ತಿದ್ದ ಅವಳನ್ನು ಗುರುತಿಸಿ ಆಟ ಕಲಿಸಿದರು. ದೇಶೀಯ ಕ್ರಿಕೆಟ್ ಆಡಲು ರಾಧಾ ಮುಂದೆ ಬರೋಡಾಕ್ಕೆ ಹೋದರು. ವಿಶ್ವಕಪ್ ಗೆದ್ದ ದಿನ ಅವರಿಗೆ 25. ಸ್ಪಿನ್ನರ್‌ನ ಲೆಕ್ಕದಲ್ಲಿ ಒಳ್ಳೆಯ ವರ್ಷಗಳು ಇನ್ನು ಶುರುವಾಗಬೇಕು.